ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ, ಕೊಂಡ ಮೇಲೆ

ವೇಗದ ಕಾರುಗಳ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ. ಅವುಗಳ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹದಿನೈದು ವರ್ಷ ಹಳೆಯ ಪೋರ್ಶೆಯೊಂದು ಸಾಧಾರಣ ಹೊಸ ಕಾರಿನ ಬೆಲೆಗೆ ಸಿಕ್ಕೀತು, ಆದರೆ ಅದರ ಬ್ರೇಕ್ ಡಿಸ್ಕು, ಕ್ಲಚ್ಚು, ಡ್ಯಾಂಪರ್ ಎಲ್ಲವೂ ಇಂದಿಗೂ ಪೋರ್ಶೆಯವೇ, ಬಿಲ್ಲೂ ಪೋರ್ಶೆಯದೇ. ಮೊದಲ ಸಲ ಇಂಥ ಕಾರಿಗೆ ಕೈ ಹಾಕುವವರು ಸೋಲುವುದು ಹೆಚ್ಚಾಗಿ ಈ ಲೆಕ್ಕದಲ್ಲೇ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಇದರ ಸುತ್ತಲೇ ತಿರುಗುತ್ತವೆ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ನಿಮ್ಮ ಪಾಲಿಗೆ ಬರುವುದು ಹಿಂದಿನ ಮಾಲೀಕರ ಅಭ್ಯಾಸಗಳು. ಎಂಜಿನ್ ಬಿಸಿಯಾಗುವ ಮುಂಚೆ ಎಳೆದವರೇ, ಆಯಿಲ್ ಯಾವಾಗ ಬದಲಿಸಿದರು, ಟೈರಿಗೆ ಜಿಪುಣತನ ಮಾಡಿದರೇ ಎಂಬುದೆಲ್ಲ ಲೋಹದಲ್ಲಿ ಅಚ್ಚಾಗಿ ಉಳಿದಿರುತ್ತದೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು.

ಹಂತ 1: ಹಣವನ್ನು ಎರಡು ಭಾಗ ಮಾಡಿ

ನಿಮ್ಮ ಕೈಯಲ್ಲಿರುವ ಒಟ್ಟು ಮೊತ್ತವನ್ನೆಲ್ಲ ಕಾರಿಗೇ ಸುರಿಯಬೇಡಿ. ಕನಿಷ್ಠ ಶೇ 15ರಿಂದ 20ರಷ್ಟನ್ನು ಮೊದಲ ವರ್ಷದ ಖರ್ಚಿಗೆಂದು ಪಕ್ಕಕ್ಕಿಡಿ. ಇಟಲಿಯ ಎಕ್ಸಾಟಿಕ್ ಕಾರಾದರೆ ಇನ್ನೂ ಹೆಚ್ಚು. ಹೊಸ ಟೈರ್, ಎಲ್ಲ ದ್ರವಗಳ ಬದಲಾವಣೆ, ಬ್ರೇಕ್ ಪ್ಯಾಡ್, ಜೊತೆಗೆ ಯಾರೂ ಊಹಿಸದ ಒಂದು ದುರಸ್ತಿ; ಮೊದಲ ವರ್ಷದಲ್ಲಿ ಇವಿಷ್ಟೂ ಬಂದೇ ಬರುತ್ತವೆ ಎಂದುಕೊಂಡು ಹೊರಡಿ. ಬರದಿದ್ದರೆ ಲಾಭ.

ವಿಮೆಯ ಕಂತು ಎಷ್ಟಾಗುತ್ತದೆಂದು ಕಾರು ನೋಡಲು ಹೋಗುವ ಮುಂಚೆಯೇ ಕೇಳಿಟ್ಟುಕೊಳ್ಳಿ. ಚಾಲಕರ ವಯಸ್ಸು, ಅನುಭವ, ಕಾರಿನ ಶಕ್ತಿ ನೋಡಿ ಕೆಲವೊಮ್ಮೆ ಕಂಪನಿಗಳು ಕೊಡುವ ಅಂಕಿ ಇಡೀ ಆಸೆಯನ್ನೇ ತಣ್ಣಗಾಗಿಸುತ್ತದೆ. ಮುಂಗಡ ಕೊಟ್ಟ ಮೇಲೆ ತಣ್ಣಗಾಗುವುದಕ್ಕಿಂತ ಈಗಲೇ ಆಗಲಿ.

ಒಂದು ಸರಳ ಪರೀಕ್ಷೆ: ಕೊಂಡ ಮರುತಿಂಗಳೇ ಕ್ಲಚ್ ಹೋದರೆ ಸಾಲ ಮಾಡದೆ ಬದಲಿಸಬಲ್ಲಿರಾ? ಇಲ್ಲ ಎಂದಾದರೆ ಒಂದು ಮೆಟ್ಟಿಲು ಕೆಳಗಿನ ಕಾರು ನೋಡಿ. ದುಬಾರಿ ಮಾದರಿಯಲ್ಲಿ ಅತಿ ಅಗ್ಗಕ್ಕೆ ಸಿಗುವ ಕಾರಿಗಿಂತ, ಅಗ್ಗದ ಮಾದರಿಯಲ್ಲಿ ಅತಿ ಚೆನ್ನಾಗಿ ಇಟ್ಟ ಕಾರು ಯಾವಾಗಲೂ ವಾಸಿ.

ಹಂತ 2: ಯಾವ ಕಾರು?

ಶಕ್ತಿಯ ಅಂಕಿಗೆ ಮರುಳಾಗುವುದು ಸಹಜ. ಆದರೆ 500 ಅಶ್ವಶಕ್ತಿಯ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಎರಡನೇ ಗೇರಿನ ಕೊನೆಯವರೆಗೆ ಎಳೆದರೆ ಲೈಸೆನ್ಸ್ ಕಳೆದುಕೊಳ್ಳುವ ವೇಗ ಬಂದುಬಿಡುತ್ತದೆ. ಮೊದಲ ಕಾರಿಗೆ ನನ್ನ ಮತ ಹಗುರ ಕಾರಿಗೆ. ಸುಮಾರು 200 ಅಶ್ವಶಕ್ತಿ, 1,200 ಕಿಲೋ ಆಸುಪಾಸಿನ ತೂಕ, ಹಿಂಬದಿ ಚಕ್ರಗಳಿಗೆ ಶಕ್ತಿ, ಕೈಯಲ್ಲಿ ಹಾಕುವ ಗೇರು. 2012ರಲ್ಲಿ ಬಂದ ಟೊಯೋಟಾ ಜಿಟಿ86 ಮತ್ತು ಅದರ ಜೋಡಿ ಸುಬಾರು ಬಿಆರ್‌ಝಡ್ ಈ ಅಳತೆಗೆ ಸರಿಯಾಗಿ ಕೂರುತ್ತವೆ. 1989ರಿಂದ ಬರುತ್ತಿರುವ ಮಜ್ದಾ ಎಂಎಕ್ಸ್-5 ಶಕ್ತಿಯಲ್ಲಿ ಇನ್ನೂ ಕಡಿಮೆ, ಖುಷಿಯಲ್ಲಿ ಏನೇನೂ ಕಡಿಮೆಯಿಲ್ಲ. ಅದು 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿದ್ದರಿಂದ ಬಿಡಿಭಾಗಕ್ಕೂ ಬರವಿಲ್ಲ. ಇನ್ನಷ್ಟು ಜೋರು ಬೇಕೆನ್ನುವವರಿಗೆ ಪೋರ್ಶೆ ಬಾಕ್ಸ್‌ಟರ್ ಮತ್ತು ಕೇಮನ್, ಬಿಎಂಡಬ್ಲ್ಯು ಎಂ3, ಶೆವ್ರೊಲೆ ಕಾರ್ವೆಟ್ ಇವೆ. ಕಾರ್ವೆಟ್ಟನ್ನು ಒರಟು ಗಾಡಿ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಅದರ ಸಿ5 ಪೀಳಿಗೆಯ 5.7 ಲೀಟರ್ ವಿ8ನಷ್ಟು ಸರಳವಾದ, ಗಟ್ಟಿಯಾದ ಎಂಜಿನ್ ಈ ವರ್ಗದಲ್ಲಿ ಅಪರೂಪ.

ಗೇರ್‌ಬಾಕ್ಸ್ ಬಗ್ಗೆ ಒಂದು ಎಚ್ಚರಿಕೆ. ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್ (ಡ್ಯುಯಲ್ ಕ್ಲಚ್) ರೂಢಿಯಾಗುವ ಮುಂಚಿನ ಕಾಲದಲ್ಲಿ ಫೆರಾರಿಯ ಎಫ್1, ಬಿಎಂಡಬ್ಲ್ಯುವಿನ ಎಸ್‌ಎಂಜಿ, ಆಡಿ ಆರ್8ನ ಆರ್-ಟ್ರಾನಿಕ್ ಎಂಬ ಒಂಟಿ ಕ್ಲಚ್ಚಿನ ಸ್ವಯಂಚಾಲಿತ ವ್ಯವಸ್ಥೆಗಳು ಬಂದಿದ್ದವು. ಹೈಡ್ರಾಲಿಕ್ ಪಂಪು, ಆಕ್ಚುಯೇಟರುಗಳ ಜಂಜಾಟ, ಸಂದಣಿಯಲ್ಲಿ ಬೇಗ ಸವೆಯುವ ಕ್ಲಚ್ಚು ಇವುಗಳ ಹಣೆಬರಹ. ಅವುಗಳದೇ ಆದ ಒಂದು ಗತ್ತು ಇದೆ, ಒಪ್ಪುತ್ತೇನೆ, ಆದರೆ ಮೊದಲ ಕಾರಿಗೆ ಬೇಡ.

ಯಾವುದನ್ನೂ ಫೋಟೋ ನೋಡಿ ತೀರ್ಮಾನಿಸಬೇಡಿ. ಒಳಗೆ ಕೂತು ನೋಡಿ. ಲೋಟಸ್ ಎಲೀಸ್‌ಗೆ ಹತ್ತಿ ಇಳಿಯುವುದೇ ಒಂದು ವ್ಯಾಯಾಮ. ತಲೆ ಛಾವಣಿಗೆ ತಾಗುತ್ತದೆಯೇ, ಕ್ಲಚ್ ಒತ್ತಿದಾಗ ಮೊಣಕಾಲು ಸ್ಟಿಯರಿಂಗ್‌ಗೆ ತಗಲುತ್ತದೆಯೇ, ಹಿಂದಿನ ಗಾಜಿನಲ್ಲಿ ಏನಾದರೂ ಕಾಣುತ್ತದೆಯೇ ಎಂಬ ಚಿಲ್ಲರೆ ಸಂಗತಿಗಳೇ ಆರು ತಿಂಗಳ ಬಳಿಕ ಕಾರು ಮನೆಯಲ್ಲಿರುತ್ತದೋ ಮಾರಾಟಕ್ಕಿರುತ್ತದೋ ಎಂದು ನಿರ್ಧರಿಸುವುದು.

ಹಂತ 3: ಆ ಮಾದರಿಯ ಕಾಯಿಲೆಗಳನ್ನು ಕಲಿಯಿರಿ

ಪ್ರತಿ ಸ್ಪೋರ್ಟ್ಸ್ ಕಾರಿಗೂ ಹುಟ್ಟಿನಿಂದ ಬಂದ ಒಂದೆರಡು ಕಾಯಿಲೆ ಇದ್ದೇ ಇರುತ್ತದೆ. ಕೊಳ್ಳುವವರು ಅವನ್ನು ಮಾರುವವರಿಗಿಂತ ಚೆನ್ನಾಗಿ ತಿಳಿದಿರಬೇಕು. ಕೆಲವು ಪ್ರಸಿದ್ಧ ಉದಾಹರಣೆಗಳನ್ನು ನೋಡೋಣ.

ಪೋರ್ಶೆ 911ರ 996 ಪೀಳಿಗೆ, 997ರ ಮೊದಲ ಭಾಗ ಮತ್ತು ಅದೇ ಕಾಲದ ಬಾಕ್ಸ್‌ಟರ್, ಕೇಮನ್‌ಗಳಲ್ಲಿ ಐಎಂಎಸ್ ಬೇರಿಂಗ್ ಎಂಬ ಮೂರಕ್ಷರ ಎಲ್ಲರ ನಿದ್ದೆ ಕೆಡಿಸಿದೆ. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವ ನಡುವಿನ ದಂಡದ ತುದಿಯಲ್ಲಿರುವ ಈ ಬೇರಿಂಗ್ ಒಡೆದರೆ ಇಡೀ ಎಂಜಿನ್ ಗುಜರಿ. ಗೇರ್‌ಬಾಕ್ಸ್ ಇಳಿಸಿದಾಗ ಇದು ಕೈಗೆ ಸಿಗುವುದರಿಂದ, ತಿಳಿದ ಮಾಲೀಕರು ಕ್ಲಚ್ ಬದಲಿಸುವಾಗಲೇ ಇದನ್ನೂ ಬದಲಿಸಿರುತ್ತಾರೆ. ಅದರ ರಸೀದಿ ಕೇಳಿ. 2006ರಿಂದ 2008ರವರೆಗಿನ ಕಾರುಗಳಲ್ಲಿ ದೊಡ್ಡ ಬೇರಿಂಗ್ ಇದೆ. ಅದು ಹೆಚ್ಚು ಗಟ್ಟಿ, ಆದರೆ ಎಂಜಿನ್ ಬಿಚ್ಚದೆ ತೆಗೆಯಲಾಗದು. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ದಂಡವೇ ಇಲ್ಲ. ಟರ್ಬೊ ಮತ್ತು ಜಿಟಿ3 ಕಾರುಗಳ ಎಂಜಿನ್ ಬೇರೆಯೇ ಆಗಿದ್ದರಿಂದ ಅವಕ್ಕೂ ಈ ಕಾಟವಿಲ್ಲ.

ಐಎಂಎಸ್ ಗದ್ದಲದಲ್ಲಿ ಜನ ಮರೆಯುವುದು ಸಿಲಿಂಡರಿನ ಗೋಡೆ ಗೀರುಬೀಳುವ ಸಮಸ್ಯೆಯನ್ನು. ನನ್ನ ಪ್ರಕಾರ ಇವತ್ತು ಹೆಚ್ಚು ಹೆದರಬೇಕಾದದ್ದು ಅದಕ್ಕೆ. ಲಕ್ಷಣಗಳು ಮೂರು: ಬಿಸಿಯಾದ ಎಂಜಿನ್ನಿನಲ್ಲಿ ಟಿಕ್ ಟಿಕ್ ಸದ್ದು, ಏರುತ್ತಿರುವ ಆಯಿಲ್ ಖರ್ಚು, ಎರಡು ಸೈಲೆನ್ಸರ್ ಬಾಯಿಗಳಲ್ಲಿ ಒಂದು ಮಾತ್ರ ಕಪ್ಪು ಮಸಿ ಹಿಡಿದಿರುವುದು. ಬೊರೊಸ್ಕೋಪ್ ಎಂಬ ಪುಟ್ಟ ಕ್ಯಾಮೆರಾ ಇಳಿಸಿ ನೋಡದೆ ಇದನ್ನು ಖಚಿತಪಡಿಸಲಾಗದು.

2000ದಿಂದ 2006ರವರೆಗೆ ತಯಾರಾದ ಬಿಎಂಡಬ್ಲ್ಯು ಎಂ3ಯ ಇ46 ಪೀಳಿಗೆಯಲ್ಲಿ ಹಿಂಬದಿಯ ಸಬ್‌ಫ್ರೇಮ್ (ಹಿಂಚಕ್ರಗಳ ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದ ತಗಡು ಬಿರುಕು ಬಿಡುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ ನಾಲ್ಕೂ ಮೂಲೆಗಳಿಗೆ ಟಾರ್ಚ್ ಹಿಡಿಯಿರಿ. ಬಲವರ್ಧನೆಯ ಪಟ್ಟಿಗಳನ್ನು ವೆಲ್ಡ್ ಮಾಡಿಸಿದ್ದರೆ ಅದು ಕೊರತೆಯಲ್ಲ, ಹೆಚ್ಚುಗಾರಿಕೆ. ವೆಲ್ಡಿಂಗ್ ಹೊತ್ತಿನ ಫೋಟೋಗಳನ್ನೂ ಕೇಳಿ. ಅದರ ನಂತರ ಬಂದ ವಿ8 ಎಂ3 8,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟಿ ಹಾಡುತ್ತದೆ, ಆದರೆ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳು ಬೇಗ ಸವೆಯುವ ದೂರಿದೆ. ಮುಂಜಾಗ್ರತೆಯಾಗಿ ಅವನ್ನು ಬದಲಿಸಿದ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮಜ್ದಾ ಆರ್‌ಎಕ್ಸ್-8 ಅಗ್ಗವಾಗಿರುವುದಕ್ಕೆ ಕಾರಣವಿದೆ. ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಅದರ ರೋಟರಿ ಎಂಜಿನ್ ಸೀಲುಗಳನ್ನು ನುಣುಪಾಗಿಡಲು ತಾನೇ ಆಯಿಲ್ ಉರಿಸುತ್ತದೆ. ಹಾಗಾಗಿ ಡಿಪ್‌ಸ್ಟಿಕ್ ನೋಡದ ಮಾಲೀಕರ ಕೈಗೆ ಸಿಕ್ಕಿದ ಕಾರು ಉಳಿಯುವುದಿಲ್ಲ. ಬಿಸಿ ಎಂಜಿನ್ ಆಫ್ ಮಾಡಿ ಮತ್ತೆ ಹಚ್ಚಿದಾಗ ಬಹಳ ಹೊತ್ತು ಎಳೆದರೆ ಕಂಪ್ರೆಶನ್ (ಎಂಜಿನ್ನಿನೊಳಗೆ ಗಾಳಿ ಒತ್ತುವ ಬಲ) ಹೋಗಿದೆ ಎಂದೇ ಅರ್ಥ. ಅದನ್ನು ಅಳೆಯಲು ರೋಟರಿಗೆಂದೇ ಇರುವ ಉಪಕರಣ ಬೇಕು, ಮಾಮೂಲಿ ಗೇಜು ಸಾಲದು.

ಫೆರಾರಿಯ ಆಸೆ ಇದ್ದರೆ ಟೈಮಿಂಗ್ ಬೆಲ್ಟ್ (ಕ್ಯಾಮ್‌ಶಾಫ್ಟ್ ತಿರುಗಿಸುವ, ಕಾಲಕಾಲಕ್ಕೆ ಬದಲಿಸಬೇಕಾದ ಪಟ್ಟಿ) ಕಥೆ ಗೊತ್ತಿರಲಿ. ಎಫ್355ರಲ್ಲಿ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಹೊರಗೆಳೆಯಬೇಕು. 360ರಲ್ಲಿ ಸೀಟಿನ ಹಿಂದಿನ ಫಲಕ ತೆಗೆದರೆ ಕೈ ಹೋಗುತ್ತದೆ. 2004ರಲ್ಲಿ ಬಂದ ಎಫ್430ಯಲ್ಲಿ ಬೆಲ್ಟೇ ಇಲ್ಲ, ಚೈನು. ಈ ಒಂದು ವ್ಯತ್ಯಾಸದಿಂದಲೇ ವರ್ಷಗಳ ನಿರ್ವಹಣಾ ಖರ್ಚು ತಲೆಕೆಳಗಾಗುತ್ತದೆ.

ನಿಮ್ಮ ಪಟ್ಟಿಯಲ್ಲಿರುವ ಕಾರಿಗೂ ಇಂಥದ್ದೇ ಒಂದು ಪುಟ ಬರೆದುಕೊಳ್ಳಿ. ದೋಷ ಸರಿಪಡಿಸಲು ತಯಾರಕರು ಕಾರನ್ನು ವಾಪಸ್ ಕರೆದಿದ್ದರೆ (ರೀಕಾಲ್) ಅದರ ಕೆಲಸ ಮುಗಿದಿದೆಯೇ ಎಂದು ಚಾಸಿಸ್ ಸಂಖ್ಯೆ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಬಹುದು.

ಹಂತ 4: ಕಡಿಮೆ ಕಿಲೋಮೀಟರ್ ಎಂಬ ಮೋಹ

ಜಾಹೀರಾತಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಮೀಟರಿನ ಅಂಕಿಗೆ. ಹದಿನೈದು ವರ್ಷಕ್ಕೆ 15,000 ಕಿಲೋಮೀಟರ್ ಓಡಿದ ಕಾರು ಎಂದರೆ ಬಂಗಾರ ಸಿಕ್ಕಿತೆಂಬ ಭಾವನೆ. ಅದು ವಸ್ತುಸಂಗ್ರಹಾಲಯಕ್ಕೆ ಬಂಗಾರ. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗಿ ಸೋರುತ್ತವೆ, ಟೈರ್ ಗಟ್ಟಿಯಾಗುತ್ತದೆ, ಪೆಟ್ರೋಲ್ ಕೆಟ್ಟು ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಬ್ರೇಕ್ ಕ್ಯಾಲಿಪರ್‌ಗಳು ಹಿಡಿದುಕೊಳ್ಳುತ್ತವೆ. ಅಂಥ ಕಾರನ್ನು ತಂದು ನಿಯಮಿತವಾಗಿ ಓಡಿಸಲು ಶುರುಮಾಡಿದ ಮೇಲೆ ಒಂದೊಂದಾಗಿ ಬಿಲ್ಲುಗಳು ಬರುತ್ತವೆ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿ, ಪ್ರತಿ ವರ್ಷ ಆಯಿಲ್ ಬದಲಾದ ಕಾರನ್ನೇ ನಾನು ಆರಿಸುತ್ತೇನೆ.

ಕಾರು ನೋಡುವ ಮುಂಚೆ ಕಡತ ನೋಡಿ. ಮಾರುವವರಿಗೆ ಫೋನ್ ಮಾಡಿದಾಗ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ಎಷ್ಟು ಕಾಲದಿಂದ ನಿಮ್ಮಲ್ಲಿದೆ, ಏಕೆ ಮಾರುತ್ತಿದ್ದೀರಿ, ಕೊನೆಯ ದೊಡ್ಡ ಸರ್ವಿಸ್‌ನಲ್ಲಿ ಏನೇನು ಮಾಡಿಸಿದಿರಿ, ಯಾವ ಆಯಿಲ್ ಹಾಕುತ್ತೀರಿ, ಎಲ್ಲಾದರೂ ಬಣ್ಣ ಹೊಡೆಸಿದ್ದೀರಾ, ಎಂಜಿನ್ ಸಾಫ್ಟ್‌ವೇರ್ ಬದಲಿಸಿದ್ದೀರಾ. ಕಾರನ್ನು ಪ್ರೀತಿಸಿದವರು ಆಯಿಲಿನ ದರ್ಜೆಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಇ46 ಎಂ3 ಮಾರುವವರಿಗೆ 10ಡಬ್ಲ್ಯು-60 ಎಂಬುದು ಬಾಯಿಗೆ ಬರದಿದ್ದರೆ ಫೋನ್ ಇಡಬಹುದು. “ಎಲ್ಲಾ ಸರ್ವಿಸ್ ಆಗಿದೆ, ಬಿಲ್ ಮಾತ್ರ ಸಿಗುತ್ತಿಲ್ಲ” ಎಂದರೆ ಸರ್ವಿಸ್ ಆಗಿಲ್ಲವೆಂದೇ ಲೆಕ್ಕ ಹಾಕಿ ಬೆಲೆ ಕಟ್ಟಿ.

ಹಂತ 5: ತಣ್ಣಗಿರುವಾಗಲೇ ಹೋಗಿ

ನೀವು ಬರುವ ಮುನ್ನ ಎಂಜಿನ್ ಹಚ್ಚಬೇಡಿ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡಿ. ಎಂಜಿನ್ ಹಿಂದಿದ್ದರೆ ಅಲ್ಲಿಗೆ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿರಬಹುದು. ತಣ್ಣನೆಯ ಎಂಜಿನ್ ಹಚ್ಚಿದಾಗಿನ ಮೊದಲ ಹತ್ತು ಸೆಕೆಂಡು ಬಹಳ ಮಾತಾಡುತ್ತದೆ. ಚೈನಿನ ಕಟಕಟ, ನೀಲಿ ಹೊಗೆ, ಎಡವುವ ಐಡ್ಲಿಂಗ್ ಎಲ್ಲವೂ ಆಗಲೇ ಹೊರಬೀಳುತ್ತವೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಸಿಲಿಂಡರುಗಳು ಅಡ್ಡಲಾಗಿ ಮಲಗಿರುವ ಪೋರ್ಶೆ ಎಂಜಿನ್ನುಗಳು ಬಹಳ ಹೊತ್ತು ನಿಂತ ಮೇಲೆ ಹಚ್ಚಿದಾಗ ಒಂದು ಉಸಿರು ನೀಲಿ ಹೊಗೆ ಬಿಡುವುದು ಮಾಮೂಲು, ಬಿಡುತ್ತಲೇ ಇದ್ದರೆ ಅಲ್ಲ. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಕೂಲೆಂಟ್ ಒಳಗೆ ಹೋಗುತ್ತಿರುವ ಸೂಚನೆ.

ಆಮೇಲೆ ಟೈರುಗಳತ್ತ ಬನ್ನಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಗುರುತು ಇರುತ್ತದೆ. 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರಿನಲ್ಲಿ ಎಷ್ಟೇ ಹಲ್ಲು ಉಳಿದಿದ್ದರೂ ವೇಗದ ಕಾರಿಗೆ ಅದು ಬದಲಾವಣೆಗೆ ಬಂದಂತೆಯೇ. ನಾಲ್ಕೂ ಒಂದೇ ಬ್ರ್ಯಾಂಡಿನವೇ, ತಯಾರಕರು ಹೇಳಿದ ಅಳತೆಯವೇ ನೋಡಿ. ದೊಡ್ಡ ಕಾರಿಗೆ ಹೆಸರೇ ಕೇಳದ ಅಗ್ಗದ ಟೈರ್ ಹಾಕಿರುವುದನ್ನು ಕಂಡರೆ ನನಗೆ ಉಳಿದದ್ದನ್ನು ನೋಡುವ ಮನಸ್ಸೇ ಬರುವುದಿಲ್ಲ. ಕಣ್ಣಿಗೆ ಕಾಣುವಲ್ಲೇ ಉಳಿಸಿದವರು ಕಾಣದಿರುವಲ್ಲಿ ಎಷ್ಟು ಉಳಿಸಿರಬೇಡ? ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವ ಜಾತಿ ಅದು.

ಬಣ್ಣದ ದಪ್ಪ ಅಳೆಯುವ ಗೇಜು ಒಂದನ್ನು ಕೊಂಡೊಯ್ಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. 300ರ ಸುತ್ತ ಇದ್ದರೆ ಮತ್ತೆ ಬಣ್ಣ ಬಿದ್ದಿದೆ, ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ ತುಂಬಿದ್ದಾರೆ. ಅಲ್ಯೂಮಿನಿಯಂ ಫಲಕವಿದ್ದರೆ ಅದನ್ನೂ ಓದಬಲ್ಲ ಗೇಜು ಬೇಕು. ಫೈಬರ್, ಕಾರ್ಬನ್ ಮೈಯ ಮೇಲೆ ಸಾಮಾನ್ಯ ಗೇಜು ಕೆಲಸ ಮಾಡುವುದಿಲ್ಲ. ಮುಂದಿನ ಬಂಪರಿಗೆ ಮತ್ತೆ ಬಣ್ಣ ಬಿದ್ದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ವೇಗವಾಗಿ ಓಡುವ ಕಾರಿನ ಮುಖಕ್ಕೆ ಕಲ್ಲು ಬೀಳುವುದು ಸಹಜ. ಛಾವಣಿಗೋ ಬಾಗಿಲ ಚೌಕಟ್ಟಿಗೋ ಬಣ್ಣ ಬಿದ್ದಿದ್ದರೆ ಮಾತ್ರ ಬಿಡಬೇಡಿ, ಕಾರಣ ಕೇಳಿ.

ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಉಗುರಿಗೆ ಸಿಗುವ ದಿಣ್ಣೆ ಎದ್ದಿದ್ದರೆ ಡಿಸ್ಕು ಸವೆದಿದೆ. ಕಾರ್ಬನ್ ಸೆರಾಮಿಕ್ ಡಿಸ್ಕಾದರೆ ಮೇಲ್ಮೈಯ ಒರಟುತನ, ಅಂಚಿನ ಚಕ್ಕೆ ನೋಡಬೇಕು. ಅವುಗಳ ಸವೆತ ತಿಳಿಯುವುದು ಮುಖ್ಯವಾಗಿ ತೂಕದಿಂದ, ಕನಿಷ್ಠ ತೂಕವನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಒಂದು ಸೆಟ್ ಬದಲಿಸುವ ಖರ್ಚು ಹಳೆಯ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಬಲ್ಲದು.

ಹಂತ 6: ಓಡಿಸಿ ನೋಡುವುದು

ಮೊದಲ ಹತ್ತು ನಿಮಿಷ ರೇಡಿಯೋ ಬಂದ್, ಮಾರುವವರ ಮಾತಿಗೂ ನಯವಾಗಿ ತಡೆ. ಎಂಜಿನ್ ಬಿಸಿಯಾಗುವವರೆಗೆ ಮೆಲ್ಲಗೆ ಹೋಗಿ. ಆಗ ಮಾರುವವರ ಮುಖ ಗಮನಿಸಿ: ನೀವು ಕಾಯುತ್ತಿರುವುದನ್ನು ಕಂಡು ನಿರಾಳವಾದರೆ ಅವರೂ ಕಾಯುವವರೇ. “ಎಳೀರಿ ಸಾರ್, ಏನೂ ಆಗಲ್ಲ” ಎಂದರೆ ಅವರು ದಿನಾ ಹೇಗೆ ಓಡಿಸಿದ್ದಾರೆಂದು ತಾವೇ ಹೇಳಿಕೊಂಡಂತಾಯಿತು.

ಕ್ಲಚ್ ಪರೀಕ್ಷೆಗೆ ನಾಲ್ಕನೇ ಅಥವಾ ಐದನೇ ಗೇರಿನಲ್ಲಿ 2,000 ಆರ್‌ಪಿಎಂ ಸುಮಾರಿಗೆ ಇದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಗರಗರ ಎಂದರೆ ಸಿಂಕ್ರೋ (ಗೇರುಗಳು ಸದ್ದಿಲ್ಲದೆ ಕೂಡುವಂತೆ ಮಾಡುವ ಬಳೆ) ಸವೆದಿದೆ. ಎಲ್ಲಕ್ಕಿಂತ ಮೊದಲು ಹೋಗುವುದು ಹೆಚ್ಚಾಗಿ ಎರಡನೇ ಗೇರಿನದೇ. ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ ಗಟ್ಟಿಯಾಗಿ ಬ್ರೇಕ್ ಹಾಕಿ, ಒಂದು ಕಡೆಗೆ ಎಳೆಯುತ್ತದೆಯೇ ನೋಡಿ. ಬಿಸಿಯಾದ ಮೇಲೆ ಕಾರು ನಿಲ್ಲಿಸಿ ಎಂಜಿನ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಚ್ಚಿ. ಅನೇಕ ತೊಂದರೆಗಳು ಈ ಬಿಸಿ ಸ್ಟಾರ್ಟಿನಲ್ಲೇ ಸಿಕ್ಕಿಬೀಳುತ್ತವೆ. ಎಸಿ, ಗಾಜು, ಲೈಟು ಇತ್ಯಾದಿ ಒಮ್ಮೆ ಒತ್ತಿ ನೋಡಿದರೆ ಸಾಕು.

ಹಂತ 7: ತಜ್ಞರ ತಪಾಸಣೆ, ಮತ್ತು ಒಂದು ಲೆಕ್ಕ

ಆ ಬ್ರ್ಯಾಂಡನ್ನೇ ದಿನವೂ ಬಿಚ್ಚಿ ಕಟ್ಟುವ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ನಿಮ್ಮ ಖರ್ಚಿನಲ್ಲಿ ಕಾರು ತೋರಿಸಿ. ಇದಕ್ಕೆ ಒಪ್ಪದ ಮಾರಾಟಗಾರರಿಂದ ಏನನ್ನೂ ಕೊಳ್ಳಬೇಡಿ. ಕಂಪ್ರೆಶನ್ ಪರೀಕ್ಷೆಯ ಜೊತೆಗೆ ಲೀಕ್-ಡೌನ್ ಪರೀಕ್ಷೆಯನ್ನೂ ಕೇಳಿ. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅದರಲ್ಲಿ ಅಳೆಯುತ್ತಾರೆ. ಶೇ 10ರ ಒಳಗಿದ್ದರೆ ಆರೋಗ್ಯ, ಶೇ 20 ದಾಟಿದರೆ ಯೋಚಿಸಬೇಕು. ಎಲ್ಲ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಇರುವುದೂ ಅಷ್ಟೇ ಮುಖ್ಯ.

ಕಂಪ್ಯೂಟರ್ ಜೋಡಿಸಿದಾಗ ದೋಷದ ಕೋಡುಗಳೇ ಇಲ್ಲ ಎಂದು ಖುಷಿಪಡುವ ಮುಂಚೆ ‘ರೆಡಿನೆಸ್’ ಪರೀಕ್ಷೆಗಳು (ಕಾರು ತನ್ನ ವ್ಯವಸ್ಥೆಗಳನ್ನು ತಾನೇ ತಪಾಸಿಸಿಕೊಳ್ಳುವುದು) ಪೂರ್ಣವಾಗಿವೆಯೇ ಕೇಳಿ. ಅಪೂರ್ಣವೆಂದು ತೋರಿಸಿದರೆ ಯಾರೋ ಇತ್ತೀಚೆಗಷ್ಟೇ ಕೋಡುಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ.

ಪೋರ್ಶೆಗಳಲ್ಲಿ ಇನ್ನೂ ಒಂದು ರುಚಿಕರ ದಾಖಲೆ ಸಿಗುತ್ತದೆ. ಮ್ಯಾನುಯಲ್ ಕಾರಿನಲ್ಲಿ ಐದರಿಂದ ನಾಲ್ಕಕ್ಕೆ ಇಳಿಸುವ ಬದಲು ಕೈತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸಿಬಿಡುತ್ತವೆ, ಆರ್‌ಪಿಎಂ ಮಿತಿ ಕಾಯುವ ರೆವ್ ಲಿಮಿಟರ್ ಏನೂ ಮಾಡಲಾಗದು. ಹೀಗೆ ಮಿತಿ ಮೀರಿದಾಗಲೆಲ್ಲ ಎಷ್ಟು ಬಾರಿ ಕಿಡಿ ಹೊತ್ತಿತು, ಕೊನೆಯ ಬಾರಿ ಎಂಜಿನ್ ಎಷ್ಟನೇ ಗಂಟೆಯಲ್ಲಿತ್ತು ಎಂಬುದನ್ನು ಕಂಪ್ಯೂಟರ್ ಆರ್‌ಪಿಎಂ ಎಷ್ಟು ಮೀರಿತೆಂಬುದಕ್ಕೆ ತಕ್ಕಂತೆ ಹಂತಗಳಾಗಿ ವಿಂಗಡಿಸಿ ಬರೆದಿಡುತ್ತದೆ. ಅಂಕಿ ನೋಡಿ ಗಾಬರಿಯಾಗಬೇಡಿ. ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಮೂರು ಕಿಡಿ. 8,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 400 ಕಿಡಿ. ಹಾಗಾಗಿ ದಾಖಲೆಯಲ್ಲಿ 200 ಎಂದಿದ್ದರೆ ಅದು ಅರ್ಧ ಸೆಕೆಂಡಿನ ಮಾತು. ಕೆಳಗಿನ ಹಂತಗಳಲ್ಲಿ ಸಾವಿರಗಟ್ಟಲೆ ಇದ್ದರೂ ಚಿಂತೆಯಿಲ್ಲ. ತೀರಾ ಮೇಲಿನ ಹಂತದಲ್ಲಿ ಇತ್ತೀಚಿನ ದಾಖಲೆ ಇದ್ದರೆ ಬಿಟ್ಟು ಬನ್ನಿ. ಅದೇ ಘಟನೆ ನೂರಾರು ಗಂಟೆಗಳ ಹಿಂದಿನದಾಗಿ, ಎಂಜಿನ್ ಇಂದಿಗೂ ಲೀಕ್-ಡೌನ್ ಪರೀಕ್ಷೆ ದಾಟಿದರೆ ಚೌಕಾಸಿಗೊಂದು ಒಳ್ಳೆಯ ಅಸ್ತ್ರ ಅಷ್ಟೇ.

ಅದೇ ಗಂಟೆಗಳ ಲೆಕ್ಕದಿಂದ ಮೀಟರ್ ತಿರುಚಿದ್ದನ್ನೂ ಹಿಡಿಯಬಹುದು. ಮೀಟರಿನಲ್ಲಿ 40,000 ಕಿಲೋಮೀಟರ್, ಎಂಜಿನ್ ಓಡಿದ್ದು 2,500 ಗಂಟೆ ಎಂದುಕೊಳ್ಳಿ. ಭಾಗಿಸಿದರೆ ಗಂಟೆಗೆ 16 ಕಿಲೋಮೀಟರ್ ಸರಾಸರಿ. ಒಂದೋ ಕಾರು ಇಡೀ ಜೀವಮಾನ ಸಂದಣಿಯಲ್ಲೇ ತೆವಳಿದೆ, ಇಲ್ಲವೇ ಮೀಟರ್ ಸುಳ್ಳು ಹೇಳುತ್ತಿದೆ. ಎರಡೂ ಒಳ್ಳೆಯ ಸುದ್ದಿಯಲ್ಲ.

ಹಂತ 8: ಬೆಲೆ, ಕಾಗದ

ತಪಾಸಣೆಯ ವರದಿಯನ್ನು ಮುಂದಿಟ್ಟು ಪ್ರತಿ ದುರಸ್ತಿಯ ಖರ್ಚನ್ನು ಕೂಡಿಸಿ ಮಾತಾಡಿ. ಸುಮ್ಮನೆ “ಸ್ವಲ್ಪ ಕಡಿಮೆ ಮಾಡಿ” ಎನ್ನುವುದಕ್ಕಿಂತ ಇದಕ್ಕೆ ಹೆಚ್ಚು ಬೆಲೆ ಸಿಗುತ್ತದೆ. ಚಾಸಿಸ್ ಸಂಖ್ಯೆ ಕಾಗದದಲ್ಲೂ ಕಾರಿನ ಮೈಮೇಲೂ ಒಂದೇ ಇರಬೇಕು, ಸಾಲ ತೀರಿರಬೇಕು, ಎರಡೂ ಕೀಲಿಗಳು ಕೈಗೆ ಬರಬೇಕು. ಬಿಚ್ಚಿಟ್ಟ ಮೂಲ ಬಿಡಿಭಾಗಗಳಿದ್ದರೆ ಅವನ್ನೂ ಕೇಳಿ ಪಡೆಯಿರಿ. ಇದೇ ಕಾರು ಬೇಕೇಬೇಕು ಎಂದು ಹಟ ಹಿಡಿದ ಕ್ಷಣ ಚೌಕಾಸಿ ಮುಗಿದಂತೆ.

ಹಂತ 9: ಮೊದಲ ತಿಂಗಳು

ಎಷ್ಟೇ ಒಳ್ಳೆಯ ಕಡತವಿದ್ದರೂ ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ದ್ರವ ಎಲ್ಲವನ್ನೂ ಒಮ್ಮೆ ಬದಲಿಸಿ. ಅಂದಿನಿಂದ ಲೆಕ್ಕ ನಿಮ್ಮದು. ಹೊರತೆಗೆದ ಎಂಜಿನ್ ಆಯಿಲಿನ ಸ್ಯಾಂಪಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬೇರಿಂಗ್ ಲೋಹ ಎಷ್ಟು ಸವೆದು ಬಂದಿದೆ ಎಂಬ ವರದಿ ಸಿಗುತ್ತದೆ. ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಹಳೆಯ ಸ್ಪೋರ್ಟ್ಸ್ ಕಾರು ಸರಿಯಾಗಿ ನಡೆಯುತ್ತಿಲ್ಲ ಎನ್ನುವ ದೂರುಗಳಲ್ಲಿ ಬಹಳಷ್ಟು ಹೊಸ ಟೈರು ಮತ್ತು ಅಲೈನ್‌ಮೆಂಟಿನಲ್ಲೇ ಕರಗಿಹೋಗುತ್ತವೆ.

ಮಾರ್ಪಾಡುಗಳನ್ನು ಒಂದು ವರ್ಷ ಮುಂದೂಡಿ. ಕಾರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೆಂದು ತಿಳಿಯದೆ ಏನು ಬದಲಿಸಬೇಕೆಂದು ಹೇಗೆ ಗೊತ್ತಾಗಬೇಕು? ಪಟಪಟ ಸಿಡಿಯುವ ಎಕ್ಸಾಸ್ಟ್ ಸಾಫ್ಟ್‌ವೇರ್ ಅಂತೂ ನೆರೆಯವರಿಗಿಂತ ಬೇಗ ನಿಮಗೇ ಬೇಸರ ತರಿಸುತ್ತದೆ.

ಹಂತ 10: ಓಡಿಸುವುದನ್ನು ಕಲಿಯುವುದು

ದಿನನಿತ್ಯದ ಒಂದೇ ಶಿಸ್ತು: ಬಿಸಿಯಾಗುವವರೆಗೆ ಕಾಯುವುದು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಸಾಮಾನ್ಯವಾಗಿ ಕೂಲೆಂಟಿನದು. ಆಯಿಲ್ ಬಿಸಿಯಾಗಲು ಇನ್ನೂ ಐದು ಹತ್ತು ನಿಮಿಷ ಬೇಕು. ಆಯಿಲ್ ಮುಳ್ಳಿದ್ದರೆ 80 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಗರಿಷ್ಠ ಆರ್‌ಪಿಎಂನ ಅರ್ಧ ಮೀರಬೇಡಿ. ಇ46 ಎಂ3ಯ ಟ್ಯಾಕೋಮೀಟರಿನಲ್ಲಿ ಇದಕ್ಕೆಂದೇ ಕಿತ್ತಳೆ ದೀಪಗಳ ಸಾಲಿದೆ, ಎಂಜಿನ್ ಬಿಸಿಯಾದಂತೆ ಒಂದೊಂದೇ ಆರುತ್ತವೆ. ಆ ದೀಪ ಆರುವ ತನಕ ಕಾಯುವುದೂ ಈ ಕಾರುಗಳ ಸುಖದ ಒಂದು ಭಾಗವೇ.

ಟೈರಿಗೂ ಬಿಸಿ ಬೇಕು. 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬೇಸಿಗೆ ಟೈರುಗಳ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹೊಸ ಮಾಲೀಕರ ಅಪಘಾತಗಳಿಗೆ ಹೇಳಿ ಮಾಡಿಸಿದ ಸನ್ನಿವೇಶ ಇದೇ: ತಣ್ಣನೆಯ ಟೈರು, ಒದ್ದೆ ರಸ್ತೆ, ತಿರುವಿನಿಂದ ಹೊರಬರುವಾಗ ತುಸು ಹೆಚ್ಚಾದ ಆಕ್ಸಿಲರೇಟರ್.

ಇನ್ನೊಂದು ತಿರುವಿನ ಮಧ್ಯದ್ದು. ವೇಗ ಹೆಚ್ಚಾಯಿತೆಂದು ಹೆದರಿ ಕಾಲನ್ನು ಥಟ್ಟನೆ ಎತ್ತಿದರೆ ಭಾರ ಮುಂದಕ್ಕೆ ಜಾರಿ ಹಿಂಚಕ್ರಗಳ ಮೇಲಿನ ಒತ್ತಡ ತಗ್ಗುತ್ತದೆ, ಹಿಂಬದಿ ಹೊರಕ್ಕೆ ತಿರುಗುತ್ತದೆ. ಎಂಜಿನ್ ಹಿಂದಿರುವ 911ರಲ್ಲೂ, ಗಿಡ್ಡ ಮೈಯ ಹೋಂಡಾ ಎಸ್2000ದ ಆರಂಭದ ಕಾರುಗಳಲ್ಲೂ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಮದ್ದು ಒಂದೇ: ಬ್ರೇಕ್ ಕೆಲಸವನ್ನೆಲ್ಲ ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಮುಗಿಸಿ, ಒಳಗೆ ನಿಧಾನವಾಗಿ ಹೋಗಿ, ಸ್ಟಿಯರಿಂಗ್ ನೇರವಾಗುತ್ತಾ ಬಂದಂತೆ ಆಕ್ಸಿಲರೇಟರ್ ಕೊಡಿ. ಸ್ಟೆಬಿಲಿಟಿ ಕಂಟ್ರೋಲ್ ಗುಂಡಿಗೆ ಕೈ ಹಾಕಬೇಡಿ. ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಎಂಬ ಭೌತಶಾಸ್ತ್ರಕ್ಕೆ ಬ್ರ್ಯಾಂಡಿನ ಮುಲಾಜಿಲ್ಲ.

ಹಂತ 11: ಟ್ರ್ಯಾಕಿಗೆ ಹೋಗಿ

ಕಾರಿನ ನಿಜವಾದ ಗುಣ ಸಾರ್ವಜನಿಕ ರಸ್ತೆಯಲ್ಲಿ ಕಾಣುವುದಿಲ್ಲ, ಕಾಣಲು ಯತ್ನಿಸಲೂಬಾರದು. ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ನಮ್ಮ ಕಾರನ್ನೇ ಓಡಿಸುವ ದಿನ) ಅಥವಾ ಡ್ರೈವಿಂಗ್ ಸ್ಕೂಲಿಗೆ ಖರ್ಚು ಮಾಡುವ ಹಣ ಇನ್ಯಾವ ಬಿಡಿಭಾಗಕ್ಕಿಂತಲೂ ಹೆಚ್ಚು ವೇಗ ಕೊಡುತ್ತದೆ. ಪಕ್ಕದಲ್ಲಿ ಕೂರುವ ತರಬೇತುದಾರರನ್ನು ಮೊದಲ ಸಲವೇ ಕೇಳಿ ಪಡೆಯಿರಿ. ನಿಮ್ಮ ವಿಮೆ ಟ್ರ್ಯಾಕಿಗೆ ಅನ್ವಯಿಸುತ್ತದೆಯೇ ಓದಿ ನೋಡಿ, ಹೆಚ್ಚಿನವು ಅನ್ವಯಿಸುವುದಿಲ್ಲ.

ಹೋಗುವ ಮುಂಚೆ ಬ್ರೇಕ್ ದ್ರವ ಹೊಸದಿರಲೇಬೇಕು. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕೆಂಬ ನಿಯಮವಿದೆ. ಅದೇ ದ್ರವ ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ, ಅದೂ ಉದ್ದನೆಯ ನೇರ ರಸ್ತೆಯ ಕೊನೆಯಲ್ಲಿ. ಪ್ಯಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರಲಿ, ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇರಲಿ, ಕಾರಿನೊಳಗೆ ಸಡಿಲವಾದದ್ದು ಏನೂ ಬೇಡ, ಕಾಲಡಿಯ ಮ್ಯಾಟ್ ಕೂಡ.

ಮೊದಲ ಸುತ್ತು ಟೈರು ಬಿಸಿಮಾಡಲು, ಕೊನೆಯ ಸುತ್ತು ಬ್ರೇಕು ತಣಿಸಲು. ನಡುವೆ ಹದಿನೈದು ನಿಮಿಷ ಓಡಿದರೆ ಸಾಕು, ದಣಿವು ಗೊತ್ತಾಗುವ ಮುಂಚೆಯೇ ತಪ್ಪುಗಳು ಶುರುವಾಗಿರುತ್ತವೆ. ವೇಗದವರಿಗೆ ದಾರಿ ಬಿಡಿ, ಕನ್ನಡಿ ನೋಡಿ, ಧ್ವಜಗಳನ್ನು ಕಲಿತು ಹೋಗಿ. ಪಿಟ್ಟಿಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡಿಸ್ಕಿಗೆ ಪ್ಯಾಡು ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೊಂದು ಅಡ್ಡ ಇಡಿ. ಟೈರು ಇನ್ನೂ ಬಿಸಿಯಿರುವಾಗಲೇ ಗಾಳಿ ಅಳೆದು, ಏರಿದ್ದಷ್ಟನ್ನು ಬಿಟ್ಟು ತಯಾರಕರು ಹೇಳಿದ ಮಟ್ಟದ ಹತ್ತಿರಕ್ಕೆ ತನ್ನಿ. ಸಂಜೆ ಮನೆಗೆ ಹೊರಡುವ ಮುನ್ನ ಚಕ್ರಗಳು ತಣಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸಿ, ಡಿಪ್‌ಸ್ಟಿಕ್ ನೋಡಿ ಆಯಿಲ್ ತುಂಬಿಸಿ, ಇಳಿಸಿದ್ದ ಗಾಳಿಯನ್ನು ಮತ್ತೆ ರಸ್ತೆಯ ಮಟ್ಟಕ್ಕೆ ಹಾಕಿಕೊಂಡು ಹೊರಡಿ.